ಅಜ್ಜಿ ಬಿಚ್ಚಿಕೊಟ್ಟ ಬೂಟು

ಪ್ರಾರ್ಥನೆ ಮುಗಿಸಿ ಹೊರಬರುತ್ತಿದ್ದಂತೆ ಅಜ್ಜಿಯೊಬ್ಬರು ಚರ್ಚಿನ ಬಾಗಿಲಲ್ಲೇ ಕೂತು, ತಮ್ಮ ಕಪ್ಪು ಬೂಟು ಬಿಚ್ಚಿ, ಹೊದ್ದ ಬಟ್ಟೆಯ ಅಂಚಿನಿಂದ ಒರೆಸಿ ನನ್ನ ಪಾದದ ಮುಂದಿಟ್ಟರು.

ಅದು ಕೀನ್ಯಾದ ಒಂದು ಹಳ್ಳಿ. ಚನ್ನಗಿರಿಯ ನಮ್ಮ ಚರ್ಚಿನಿಂದ ಎಂಟು ಜನ ಹತ್ತು ದಿನದ ಸೇವೆಗೆಂದು ಹೋಗಿದ್ದೆವು. ಅಂದು ಮೂರನೆಯ ದಿನ, ಭಾನುವಾರ. ನಮ್ಮೂರಿನ ರೂಢಿಯಂತೆ ಬರಿಗಾಲಲ್ಲಿ ಒಳಗೆ ಹೋಗಲು ಚಪ್ಪಲಿಗಳನ್ನು ವ್ಯಾನಿನಲ್ಲೇ ಬಿಟ್ಟಿದ್ದೆವು. ಅಲ್ಲಿಯವರೆಲ್ಲ ಮಿರುಗುವ ಬೂಟಿನಲ್ಲಿ ಕೂತಿದ್ದರು. ಬಟ್ಟೆ ಹಂಚಲು ಬಂದವರಿಗೆ ಮೆಟ್ಟಲು ಚಪ್ಪಲಿಯೂ ಇಲ್ಲವೆಂದು ಅಜ್ಜಿ ಮರುಗಿದ್ದರು.

"ಬ್ಯಾಡ ಅಂದ್ರೆ ನೊಂದ್ಕಂತಾರೆ, ಇಸ್ಕಂಡ್ರೆ ಅವ್ರೇ ಬರಿಗಾಲಲ್ಲಿ ಹೋಗ್ಬೇಕಾಗ್ತೈತೆ. ಹೆಂಗ್ ಮಾಡಾದು ಆಂಟಿ?" ಎಂದೆ.

ನಮ್ಮ ತಂಡದ ಹಿರಿಯರಾದ ಮೇರಿ ಆಂಟಿ, "ಮೊದ್ಲು ಕಾಲು ಹಾಕಿ ನೋಡಪ್ಪ. ನಿನ್ ಹೆಬ್ಬೆರಳು ತೂರಿದ್ರೆ ಹೆಚ್ಚು!" ಎಂದರು.

ಹೆಬ್ಬೆರಳಷ್ಟೇ ತೂರಿತು. ಅಜ್ಜಿ ನಕ್ಕರು. ದೇವರ ಮುಂದೆ ಬರಿಗಾಲಲ್ಲಿ ನಿಲ್ಲುವುದು ನಮ್ಮ ಪದ್ಧತಿ ಎಂದು ಅಲ್ಲಿನ ಪಾಸ್ಟರ್ ಅಜ್ಜಿಗೆ ವಿವರಿಸಿದರು. ಅಜ್ಜಿಯ ನಗು ನಿಂತಿತು. ಅವರು ಕೇಳಿದ್ದನ್ನು ಪಾಸ್ಟರ್ ನಮಗೆ ತಿಳಿಸಿದರು: "ಹಾಗಾದರೆ ಇಷ್ಟು ವರ್ಷ ನಾನು ಬೂಟು ಹಾಕಿ ಕೂತದ್ದು ತಪ್ಪೇ?"

ಇಲ್ಲ, ಇಲ್ಲ ಎಂದು ಜೋರಾಗಿ ತಲೆಯಾಡಿಸಿದೆ. ಅಜ್ಜಿ ಬೂಟನ್ನು ಕೈಯಲ್ಲೇ ಹಿಡಿದು ಬರಿಗಾಲಲ್ಲಿ ಮನೆಗೆ ನಡೆದರು.

ಎಲ್ಲವನ್ನೂ ಡೈರಿಯಲ್ಲಿ ಬರೆದಿಡುವವನು ನಾನು. ಆದರೆ ಮುಂದಿನ ಭಾನುವಾರ ಬೆಳಗಾಗುವ ಮೊದಲೇ ನಾವು ಊರಿಗೆ ಹೊರಟಿದ್ದೆವು. ಅಂದು ಆ ಅಜ್ಜಿ ಬೂಟು ಹಾಕಿಕೊಂಡೇ ಒಳಗೆ ಹೋದರೋ, ಬಾಗಿಲಲ್ಲಿ ಬಿಚ್ಚಿಟ್ಟರೋ ಎಂಬುದು ಅದರಲ್ಲಿಲ್ಲ.