ಮುಧೋಳದಲ್ಲಿ ಕೂತು ಮೆಲ್ಬರ್ನ್ ಮನೆ ನೋಡಿದ್ದು

ಎರಡು ವರ್ಷಗಳ ಹಿಂದಿನ ಮಾತು. ದೀಪಾವಳಿ ಕಳೆದ ಮೊದಲ ರವಿವಾರ. ನನ್ನ ತಂಗಿ ಕಮಲಾಳ ಮಗಳು ಸುಜಾತಾಳಿಗೆ ಮುಧೋಳದಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಭರತ, ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಬಸ್ಸು ರಿಪೇರಿ ಮಾಡುವ ಮೆಕ್ಯಾನಿಕ್. ರಜೆಗೆ ಬಂದಾಗ ನಮ್ಮೂರು ಬನಹಟ್ಟಿಗೆ ಬಂದು ಹುಡುಗಿಯನ್ನು ನೋಡಿ, ಒಪ್ಪಿ, ತಿರುಗಿ ಹೋಗಿದ್ದ. ಇನ್ನು ನಾವು ಹೋಗಿ ಅವರ ಮನೆ ನೋಡಬೇಕು. ಸುಜಾತಾಳ ತಂದೆ ತೀರಿಕೊಂಡು ಬಹಳ ವರ್ಷವಾದ್ದರಿಂದ ಆ ಗುರುತರ ಹೊಣೆ ಸೋದರಮಾವನಾದ ನನ್ನ ಮೇಲೆ ಬಿತ್ತು. ಜೀವಮಾನವಿಡೀ ಶಾಲೆಯಲ್ಲಿ ಸಾಹೇಬರಿಂದ ತಪಾಸಣೆ ಮಾಡಿಸಿಕೊಂಡ ಮಾಸ್ತರ ನಾನು. ಇಂಥ ಅವಕಾಶ ಬಿಡುವವನಲ್ಲ.

ಮನೆ ನೋಡಲು ಹುಡುಗಿ ಹೋಗುವ ರೂಢಿಯಿಲ್ಲ. ಆದರೆ ಜಮಖಂಡಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ದುಡಿಯುವ ಸುಜಾತಾ ಕೇಳಲಿಲ್ಲ. "ಮಾಮಾ, ಅಲ್ಲಿ ಇರೂವಾಕಿ ನಾನು. ನೋಡಾವ್ರು ನೀವಷ್ಟನ?" ಎಂದು ಬಸ್ಸು ಹತ್ತಿಯೇ ಬಿಟ್ಟಳು.

ಹುಡುಗನ ತಂದೆ ಅಣ್ಣಪ್ಪನವರ ಮನೆಯಲ್ಲಿ ಎಷ್ಟು ಹುಡುಕಿದರೂ ಒಂದು ದೋಷ ಸಿಗಲಿಲ್ಲ. ಬಾವಿ ನೋಡಿದೆ, ನೀರಿತ್ತು. ಎಮ್ಮೆ ನೋಡಿದೆ, ಅದೂ ನನ್ನನ್ನು ನೋಡಿತು. "ಹುಡುಗಗ ತಿಂಗಳಾ ನಮ್ಮ ನಾಕ ಲಕ್ಷ ರೂಪಾಯಿ ಬೀಳ್ತಾವ್ರೀ ಮಾಸ್ತರ," ಎಂದರು ಅಣ್ಣಪ್ಪ. ಕಮಲಾಳ ಕಣ್ಣೊಳಗೆ ಅಲ್ಲೇ ಅಕ್ಷತೆ ಬಿದ್ದು ಹೋಯಿತು.

ನಾನು ಗಂಟಲು ಸರಿಮಾಡಿಕೊಂಡೆ. "ಎಲ್ಲಾ ಛಲೋ ಐತ್ರಿ. ಆದ್ರ ನಮ್ಮ ಹುಡುಗಿ ಬಾಳ್ವೆ ಮಾಡೂದು ಮುಧೋಳದಾಗಲ್ಲ. ಮೆಲ್ಬರ್ನ್ ಮನಿ ನೋಡದ ನಾ ಮಾತ ಕೊಡೂದಿಲ್ಲ."

ಅಣ್ಣಪ್ಪನವರು ನಕ್ಕು, ಮೊಬೈಲನ್ನು ತಂಬಿಗೆಗೆ ಆನಿಸಿ ವಿಡಿಯೋ ಕಾಲ್ ಮಾಡಿದರು. ಹೀಗೆ ನಾನು ಮುಧೋಳದ ಜಮಖಾನೆಯ ಮೇಲೆ ಕೂತೇ ಸಮುದ್ರ ದಾಟಿದೆ.

ಭರತ ಮೊದಲು ಹಾಲ್ ತೋರಿಸಿದ. ದೊಡ್ಡ ಸೋಫಾ, ಗೋಡೆಯಗಲ ಟಿವಿ, ಕಿಟಕಿಯಾಚೆ ಹುಲ್ಲು. ನಾನು ಗಂಭೀರವಾಗಿ ತಲೆಯಾಡಿಸಿದೆ.

"ಬಾಡಿಗಿ ಎಷ್ಟಪಾ?"

"ನನ್ನ ಪಾಲಿಗೆ ಇನ್ನೂರೈವತ್ತ ಡಾಲರ್ ರೀ ಮಾಮಾರ."

ಮನಸ್ಸಿನಲ್ಲೇ ಗುಣಿಸಿದೆ. "ತಿಂಗಳಿಗೆ ಹದಿನಾಕ ಸಾವಿರ ಆತು. ನಡೀತೈತಿ."

"ತಿಂಗಳಿಗಲ್ರೀ, ವಾರಕ್ಕ."

ಬನಹಟ್ಟಿಯಲ್ಲಿ ಮಗ್ಗದವರು ವಾರಕ್ಕೊಮ್ಮೆ ಪಗಾರ ತೊಗೊಳ್ಳುವುದು ಗೊತ್ತಿತ್ತು. ಮನೆಯೂ ವಾರಕ್ಕೊಮ್ಮೆ ಪಗಾರ ತೊಗೊಳ್ಳುತ್ತದೆಂದು ಗೊತ್ತಿರಲಿಲ್ಲ.

"ಪಾಲು ಅಂದ್ರ?"

"ನಾಕ ಮಂದಿ ಅದೀವ್ರಿ. ಈ ಹಾಲ್ ಎಲ್ಲಾರದೂ. ನಂದು ಒಂದ ಖೋಲಿ."

ಅಣ್ಣಪ್ಪನವರು ಜೋರಾಗಿ ಕೆಮ್ಮಿದರು. ಭರತನಿಗೆ ಕೆಮ್ಮು ಕೇಳಿಸಿದರೂ ನಿಲ್ಲಲಿಲ್ಲ. ಖೋಲಿ ತೋರಿಸಿದ. ಮಂಚ ಹಾಕಿದ ಮೇಲೆ ಮನುಷ್ಯ ಅಡ್ಡ ತಿರುಗಿ ನಡೆಯುವಷ್ಟು ಜಾಗ. ಅಡುಗೆಮನೆಗೆ ಹೋಗಿ ಫ್ರಿಜ್ ತೆಗೆದ. "ನಡುವಿನ ಖಾನೆ ಅಷ್ಟ ನಂದ್ರಿ." ಅಲ್ಲಿ ಒಂದರ ಮೇಲೊಂದು ಡಬ್ಬಿಗಳಿದ್ದವು. ಹೊರಗೆ ಉಂಡರೆ ಪಗಾರ ಉಳಿಯುವುದಿಲ್ಲವೆಂದು ರವಿವಾರವೇ ವಾರದ ಅಡುಗೆ ಮಾಡಿಡುತ್ತಾನಂತೆ. ಕಟಿಂಗ್ ಕೂಡ ಒಬ್ಬರಿಗೊಬ್ಬರು ಮಾಡಿಕೊಳ್ಳುತ್ತಾರಂತೆ. ಅದನ್ನು ಅವನು ಹೇಳಬೇಕಿರಲಿಲ್ಲ, ತಲೆ ನೋಡಿದರೆ ತಿಳಿಯುತ್ತಿತ್ತು.

"ಲೇ ಭರತ, ಕೇಳಿದಷ್ಟ ಹೇಳೋ!" ಅಣ್ಣಪ್ಪನವರ ಮುಖ ಕೆಂಪಾಗಿತ್ತು.

ಕಮಲಾ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಪಕ್ಕದಲ್ಲಿಟ್ಟಿದ್ದ ಟೋಪಿ ತಲೆಗೇರಿಸಿದೆ. ನಾನು ಟೋಪಿ ಹಾಕಿದರೆ ಮಾತು ಮುಗಿಯಿತೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಷ್ಟರಲ್ಲಿ ಸುಜಾತಾ ಕೈಚಾಚಿ ಮೊಬೈಲ್ ಎತ್ತಿಕೊಂಡಳು.

"ಮದವಿ ಆದಮ್ಯಾಗ ಎಲ್ಲಿರೂದು?"

"ಊರಿಂದ ದೂರ ಒಂದ ಸಣ್ಣ ಮನಿ ಹಿಡೀತೀನ್ರಿ. ಆದ್ರ ಒಬ್ಬನ ಪಗಾರದಾಗ ಸಂಸಾರ ಜಗ್ಗೂದಿಲ್ಲ. ನೀವೂ ದುಡೀಬೇಕಾಗ್ತೈತಿ."

"ನಾ ಕಲತ ಲ್ಯಾಬ್ ಕೋರ್ಸ್ ಅಲ್ಲಿ ನಡೀತೈತೇನು?"

"ಖರೆ ಹೇಳ್ತೀನ್ರಿ, ನಂಗೊತ್ತಿಲ್ಲ. ಕೇಳಿ ಹೇಳ್ತೀನಿ. ನಡೀಲಿಲ್ಲಂದ್ರ ಮೊದಲ ಯಾವುದರೆ ಅಂಗಡ್ಯಾಗ ನಿಂದರಬೇಕಾದೀತು. ವಿಚಾರ ಮಾಡ್ರಿ."

ಫೋನ್ ಇಟ್ಟಾಯಿತು. ನಾನು ನಿರಾಕರಣೆಯ ಭಾಷಣಕ್ಕೆ ಪೀಠಿಕೆ ಹುಡುಕುತ್ತಿದ್ದೆ. ಸುಜಾತಾ ಎದ್ದು ಒಳಗೆ ಹೋದಳು. ನೀರು ಕುಡಿಯಲು ಇರಬೇಕೆಂದುಕೊಂಡೆ. ಅವಳು ಊಟದ ತಾಟುಗಳನ್ನು ತಂದು ಜಮಖಾನೆಯ ಮುಂದೆ ಒಂದೊಂದಾಗಿ ಇಟ್ಟಳು.

ಮನೆ ನೋಡಲು ಹೋದವರು ಮನಸ್ಸಿಗೆ ಬಂದರೆ ಮಾತ್ರ ಆ ಮನೆಯಲ್ಲಿ ಉಣ್ಣುವುದು ನಮ್ಮ ಪದ್ಧತಿ. ಇಲ್ಲದಿದ್ದರೆ ಚಹಾದ ಮೇಲೆಯೇ ಏಳುತ್ತಾರೆ. ಅಣ್ಣಪ್ಪನವರು ತಾಟು ನೋಡಿದರು, ನನ್ನನ್ನು ನೋಡಿದರು.

"ಏನವಾ ಇದು?" ಎಂದೆ.

"ಮಾಮಾ, ಅಂವ ಹಾಲ್ ಅಷ್ಟ ತೋರಿಸಿ ಫೋನ್ ಇಟ್ಟಿದ್ರ ನೀವು ಯಾವಾಗೋ ಉಂಡಿರ್ತಿದ್ರಿ. ಟೋಪಿ ತಗೀರಿ, ಅನ್ನ ಆರ್ತೈತಿ."

ಟೋಪಿ ತೆಗೆದೆ. ಉಂಡೆ. ಒಳ್ಳೆಯ ಊಟವಾಗಿತ್ತು.

ಈಗ ಸುಜಾತಾ ಮೆಲ್ಬರ್ನ್‌ನಲ್ಲಿದ್ದಾಳೆ. ಹಗಲು ದಿನಸಿ ಅಂಗಡಿಯಲ್ಲಿ ನಿಂತು, ಉಳಿದ ಹೊತ್ತಿನಲ್ಲಿ ಲ್ಯಾಬಿನ ಪರೀಕ್ಷೆಗೆ ಓದುತ್ತಾಳೆ. ಕಷ್ಟವಿಲ್ಲವೆಂದು ಅವಳು ಹೇಳುವುದಿಲ್ಲ. ಕೊತ್ತಂಬರಿ ಕಟ್ಟಿನ ದರ ಕೇಳಿ ನಾನು ರೂಪಾಯಿಗೆ ಗುಣಿಸಿದರೆ ಬೈಯುತ್ತಾಳೆ. ಅವಳು ದಣಿದ ದನಿಯಲ್ಲಿ ಮಾತಾಡಿದ ದಿನ, ಆ ತಾಟು ಇಡಲು ಬಿಟ್ಟದ್ದು ಸರಿಯೋ ತಪ್ಪೋ ಎಂದು ಯೋಚಿಸುತ್ತ ನನಗೆ ನಿದ್ದೆ ಬರುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚು ಕಾಡುವುದು ಬೇರೆಯೇ. ಆ ಹುಡುಗ ಸೋಫಾದ ಮುಂದೆಯೇ ನಿಂತು ಸುಳ್ಳು ಹೇಳಿದ್ದರೆ, ನಾನು ಹಿರಿಯನ ಗತ್ತಿನಲ್ಲಿ, ಪೂರ್ಣ ತೃಪ್ತಿಯಿಂದ, ಅವಳನ್ನು ಒಬ್ಬ ಸುಳ್ಳುಗಾರನಿಗೆ ಕೊಟ್ಟು ಬರುತ್ತಿದ್ದೆ.