ಬಾಯಲ್ಲಿ ಬೇಡ, ಗ್ರೂಪಲ್ಲಿ ಹಾಕಿ

ಪೀಣ್ಯದ ನಮ್ಮ ಚಿಲಕದ ಕಾರ್ಖಾನೆಗೆ ಒಬ್ಬ ಮ್ಯಾನೇಜರ್ ಇದ್ದರು. ಎದುರು ನಿಂತು ಯಾರಾದರೂ ಬಾಯಿ ತೆರೆದರೆ ಸಾಕು, ಅಂಗೈ ಅಡ್ಡ ಹಿಡಿದು, "ಬಾಯಲ್ಲಿ ಬೇಡ ಕಣ್ರೀ, ಗ್ರೂಪಲ್ಲಿ ಹಾಕಿ" ಎನ್ನುತ್ತಿದ್ದರು. ನಾವು ಓಡುತ್ತಿದ್ದ ಮೆಷಿನ್ ನಿಲ್ಲಿಸಿ, ಕೈಯ ಗ್ರೀಸ್ ಒರೆಸಿಕೊಂಡು, "ಮೆಷಿನ್ ಚೆನ್ನಾಗಿ ಓಡ್ತಿದೆ ಸಾರ್" ಎಂದು ವಾಟ್ಸಾಪಿಗೆ ಹಾಕುತ್ತಿದ್ದೆವು. ಅವರು ಖುಷಿಯಿಂದ ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದರು.

ಒಂದು ಮಧ್ಯಾಹ್ನ ಅವರ ಕ್ಯಾಬಿನ್ನಿನ ಚಿಲಕ ಸಿಕ್ಕಿಹಾಕಿಕೊಂಡಿತು. ಅದೂ ನಮ್ಮದೇ ಮಾಲು. "ಒಳಗೆ ಸಿಕ್ಕಾಕೊಂಡಿದೀನಿ, ಅರ್ಜೆಂಟ್" ಎಂದು ಗ್ರೂಪಲ್ಲಿ ಹಾಕಿದರು. ನಾವೆಲ್ಲ ತಪ್ಪದೆ ಹೆಬ್ಬೆರಳು ಒತ್ತಿ ಕೆಲಸ ಮುಂದುವರಿಸಿದೆವು. ಆಮೇಲೆ ಅವರು ಬಾಗಿಲು ಬಡಿದು ಕೂಗಿಕೊಂಡರು. ಓಡಿಹೋಗಿ ತೆಗೆದವರು ಕಸ ಗುಡಿಸುವ ಅಕ್ಕ ಒಬ್ಬರೇ, ಅವರು ಗ್ರೂಪಿನಲ್ಲಿರಲಿಲ್ಲ.

ಮ್ಯಾನೇಜರ್ ಬೆವರು ಒರೆಸಿಕೊಂಡು, "ಇಂಥೋರು ಹೊರಗೆ ಉಳೀಬಾರ್ದು ಕಣ್ರೀ" ಎಂದು ಅಕ್ಕನನ್ನೂ ಗ್ರೂಪಿಗೆ ಸೇರಿಸಿದರು.

ಮರುವಾರ ಚಿಲಕ ಮತ್ತೆ ಸಿಕ್ಕಿಹಾಕಿಕೊಂಡಿತು. "ಅಕ್ಕಾ, ಬಾಗಿಲು!" ಎಂಬ ಕೂಗು ನಮಗೆಲ್ಲ ಕೇಳಿಸಿತು. ಅಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿ, ಸೊಂಟದಿಂದ ಫೋನ್ ತೆಗೆದು, ಬಾಗಿಲ ಸಂದಿಗೆ ಬಾಯಿಟ್ಟು ಹೇಳಿದರು:

"ಬಾಯಲ್ಲಿ ಬ್ಯಾಡ ಸಾರ್, ಗ್ರೂಪಲ್ಲಿ ಆಕಿ."