ಕೆಳಗಿನ ಸಾಲು

ಮೊನ್ನೆ ಎದುರುಮನೆಯ ಮಹಡಿಯ ಮೇಲೆ ಯಾರೋ ತೊಳೆದ ಕೌದಿ ಹರವಿದ್ದರು. ಬಿಸಿಲೇರಿದಂತೆ ಅದರ ವಾಸನೆ ಕಿಟಕಿಯಿಂದ ಒಳಗೆ ಬಂತು. ಒದ್ದೆ ಹತ್ತಿ, ಸೋಡಾ, ಹಳೆಯ ಬಟ್ಟೆ... ಕೈಯಲ್ಲಿದ್ದ ಚಹಾ ಕೆಳಗಿಟ್ಟು ಕಿಟಕಿಗೆ ಬಂದೆ. ಇಷ್ಟು ವರ್ಷಗಳಾದರೂ ಆ ವಾಸನೆ ಬಂದರೆ ಸಾಕು, ಕಿವಿಯಲ್ಲಿ ಹೊಳೆಯ ಸದ್ದು ಶುರುವಾಗುತ್ತದೆ.

ನಮ್ಮದು ಇಂಡಿ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಯ ಮೇಲಿನ ಊರು. ನಮ್ಮ ಪಕ್ಕದ ಮನೆಯೇ ಟೇಲರ್ ಕಾಕಾನದು. ಬಳಗವೇನಲ್ಲ, ಆದರೆ ನಾನು ಹುಟ್ಟಿದಾಗಿನಿಂದ ಅವರು ನನಗೆ ಕಾಕಾ, ಅವರ ಹೆಂಡತಿ ಕಾಕು. ಮನೆಯ ಪಡಸಾಲೆಯಲ್ಲೇ ಹೊಲಿಗೆ ಯಂತ್ರ, ಕೊರಳಲ್ಲಿ ಸದಾ ಅಳತೆಯ ಟೇಪು. ಅಳತೆ ತಪ್ಪಿದ ಅಂಗಿ ಕಂಡರೆ ಕಾಕಾನಿಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಬಸ್ಸಿಗೆ ಕಾಯುತ್ತ ನಿಂತವನ ಭುಜವನ್ನೂ ಚಿವುಟಿ ಹಿಡಿದು, "ಯಾವ ಕಟುಕ ಹೊಲದಾನಪಾ ಇದನ್ನ?" ಎಂದು ಕೇಳಿಬಿಡುತ್ತಿದ್ದರು.

ಅವರ ಮಗ ಸಿಂದಗಿಯಲ್ಲಿ ರೆಡಿಮೇಡ್ ಬಟ್ಟೆ ಅಂಗಡಿ ಇಟ್ಟಿದ್ದ. ಟೇಲರನ ಮಗನಾಗಿ ಯಾರೋ ಹೊಲಿದ ಅಂಗಿ ಮಾರುತ್ತಾನೆಂದು ಕಾಕಾನಿಗೆ ಒಳಗೊಳಗೇ ಸಿಟ್ಟು. ಅವನು ಒಂದು ದಿನ ಚಪ್ಪಟೆಯ, ಅಗಲ ಪರದೆಯ ಟಿವಿ ತಂದು ಗೋಡೆಗೆ ಹಾಕಿಸಿದ ಮೇಲೆ ಆ ಸಿಟ್ಟು ಅರ್ಧ ಇಳಿಯಿತು. ಆದರೆ ಆಗಿನ್ನೂ ಬಹುತೇಕ ಚಾನೆಲ್‌ಗಳು ಹಳೆಯ ಚೌಕ ಚಿತ್ರವನ್ನೇ ಕಳಿಸುತ್ತಿದ್ದವು. ಅಗಲ ಚಿತ್ರಕ್ಕೆ ಬದಲಾಗುತ್ತಿದ್ದುದು ಎಲ್ಲೋ ಒಂದೊಂದು. ಹಾಗಾಗಿ ಪರದೆಯ ಎಡಬಲಕ್ಕೆ ಎರಡು ಕಪ್ಪು ಪಟ್ಟಿ ಉಳಿಯುತ್ತಿತ್ತು. ಕಾಕಾನಿಗೆ ಅದು ಅವಮಾನವೇ ಆಯಿತು.

"ಇಷ್ಟ ಅಗಲದ ಅರಿವಿ ಕೊಟ್ಟು ಇಷ್ಟ ಸಣ್ಣ ಅಂಗಿ ಹೊಲದಾರಲ್ಲ! ಏ ಡಿಗ್ರಿ, ಬಾ ಇಲ್ಲಿ."

ಡಿಗ್ರಿ ಅಂದರೆ ನಾನು. ಇಂಡಿ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ರಿಮೋಟಿನ ಗುಂಡಿಗಳ ಇಂಗ್ಲಿಷ್ ಓದುವ ಕೆಲಸ ನನ್ನದಾಯಿತು. ಒಂದು ಗುಂಡಿ ಒತ್ತಿದರೆ ಚಿತ್ರ ಅಡ್ಡಕ್ಕೆ ಎಳೆದುಕೊಂಡು ಪಟ್ಟಿ ಮಾಯವಾಗುತ್ತಿತ್ತು. ಅದನ್ನು ನೋಡಿ ಕಾಕು, "ಅಯ್ಯ, ಎಲ್ಲಾರಿಗೂ ಬಾವು ಬಂದಾಂಗ ಕಾಣ್ತೈತಿ ತಗೀರಿ" ಎಂದರು. ಮತ್ತೆ ಒತ್ತಿದರೆ ಜೂಮ್. ಪಟ್ಟಿಯೂ ಇಲ್ಲ, ಮುಖಗಳೂ ಸರಿ. ಆದರೆ ಚಿತ್ರದ ಮೇಲ್ಭಾಗ, ಕೆಳಭಾಗ ಪರದೆಯಿಂದ ಹೊರಗೆ ಹೋಗಿಬಿಡುತ್ತಿತ್ತು.

"ತಲೀನ ಇಲ್ಲಲ್ರಿ ಅವರಿಗೆ!" ಎಂದರು ಕಾಕು.

"ಅಗಲಕ್ಕ ಕೂಡಸಬೇಕಂದ್ರ ಉದ್ದಕ್ಕ ಒಂಚೂರು ಕತ್ತರಿ ಬೀಳತೈತಿ," ಎಂದರು ಕಾಕಾ, ಗಿರಾಕಿಗೆ ಹೇಳುವ ದನಿಯಲ್ಲಿ. "ಇರ್ಲಿ. ಪರದೆ ತುಂಬೇತಿಲ್ಲ? ಇದ ಇರ್ಲಿ."

ಅದೇ ಉಳಿಯಿತು.

ಮಹಾನವಮಿ ಹತ್ತಿರ ಬಂದಿತ್ತು. ಹಬ್ಬಕ್ಕೆ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಹೊಳೆಗೆ ಒಯ್ದು ಒಗೆಯುವುದು ನಮ್ಮ ಕಡೆಯ ರೂಢಿ. ಆ ವರ್ಷ ನಮ್ಮಲ್ಲಿ ಮಳೆ ಕಡಿಮೆ. ಹೊಳೆ ಸೊರಗಿತ್ತು. ದಂಡೆಯ ಪಕ್ಕ ಮೊಣಕಾಲುದ್ದದ ಹರಿವು, ಅದನ್ನು ದಾಟಿದರೆ ಹಾಸುಬಂಡೆಗಳು. ಹೆಂಗಸರು ಅಲ್ಲೇ ಒಗೆದು, ಅಲ್ಲೇ ಒಣಗಿಸಿಕೊಂಡು ಬರುತ್ತಿದ್ದರು. ಒಂದು ದಿನ ಕಾಕು ತಮ್ಮ ದೊಡ್ಡ ಕೌದಿ ಒಯ್ದಿದ್ದರು. ಕಾಕಾ ಕತ್ತರಿಸಿ ಉಳಿದ ತುಂಡುಗಳನ್ನು ಕೂಡಿಸಿ ವರ್ಷಗಟ್ಟಲೆ ಹೊಲಿದ ಕೌದಿ ಅದು. ನನ್ನ ಶಾಲೆಯ ನೀಲಿ ಲಂಗ, ನಮ್ಮಪ್ಪನ ಮದುವೆ ಅಂಗಿ, ತೀರಿಹೋದ ಎಷ್ಟೋ ಜನರ ತೋಳು ಕಾಲರು... ಎಲ್ಲ ಅದರಲ್ಲಿದ್ದವು.

ಊಟದ ಹೊತ್ತಿಗೆ ಕಾಕಾ ಗೋಡೆಯಾಚೆಯಿಂದ ಕೂಗಿದರು. ಸುದ್ದಿ ಚಾನೆಲ್ ಒಂದು ಅಂದೇ ಅಗಲ ಚಿತ್ರಕ್ಕೆ ಬದಲಾಗಿತ್ತು. ಜೂಮಿನಲ್ಲಿ ಸುದ್ದಿ ಓದುವವಳಿಗೆ ಹಣೆಯೇ ಇರಲಿಲ್ಲ. "ಈಕಿನ್ನ ಸ್ವಲ್ಪ ಸರಿ ಮಾಡವ್ವಾ, ಮೂಗು ಅಷ್ಟ ಮಾತಾಡಾಕತ್ತೈತಿ" ಎಂದು ನಗುತ್ತಿದ್ದರು. ನಾನೂ ನಗುತ್ತಲೇ ಗುಂಡಿ ಒತ್ತಿದೆ. ಚಿತ್ರ ಕುಗ್ಗಿ ತನ್ನ ಜಾಗಕ್ಕೆ ಕೂತಿತು. ಹಣೆ ಬಂತು, ಕೈ ಬಂತು. ಅಷ್ಟು ದಿನ ಪರದೆಯ ಅಂಚಿನ ಕೆಳಗೆ ಅಡಗಿದ್ದ ಕೆಂಪು ಸಾಲು ಮೇಲೆದ್ದು ಬಂತು. ಅಕ್ಷರಗಳು ಬಲದಿಂದ ಎಡಕ್ಕೆ ಸರಿಯುತ್ತಿದ್ದವು. ಭೀಮಾ ನದಿಗೆ ಮಹಾರಾಷ್ಟ್ರದಿಂದ ಭಾರಿ ನೀರು... ನದಿ ದಂಡೆಯ ಗ್ರಾಮಸ್ಥರು ಕೂಡಲೇ...

ನಾನು ಜೋರಾಗಿ ಓದಿದೆ. ಕಾಕಾ ಬಾಗಿಲಾಚೆಯ ಆಕಾಶ ನೋಡಿದರು. ಒಂದು ಮೋಡವೂ ಇರಲಿಲ್ಲ.

"ಮಳಿನ ಇಲ್ಲಲ್ಲ ತಂಗಿ..." ಎಂದವರು ಮಾತು ನಿಲ್ಲಿಸಿದರು. "ನಿಮ್ಮ ಕಾಕು ಹೊಳ್ಯಾಗ ಅದಾಳ."

ಆಮೇಲೆ ಓಡಿದ್ದಷ್ಟೇ ನೆನಪು. ಡಂಗುರ ಸಾರುವವನು ಅದೇ ಆಗ ಹಲಗೆ ಹಿಡಿದು ಹೊರಟಿದ್ದನಂತೆ. ನಮಗೆ ಕೇಳಿಸಲಿಲ್ಲ. ದಾರಿಯಲ್ಲಿ ಬುಟ್ಟಿ ಹೊತ್ತು ಮರಳುತ್ತಿದ್ದ ಹೆಂಗಸರು ಎದುರಾದರು. ಕಾಕು ಅವರ ಜೊತೆ ಇರಲಿಲ್ಲ. ಕೌದಿ ಇನ್ನೂ ಒಣಗಿಲ್ಲವೆಂದು ಬಂಡೆಯ ಮೇಲೆಯೇ ಉಳಿದಿದ್ದರು.

ಹೊಳೆ ಆಗಲೇ ಬೇರೆಯಾಗಿತ್ತು. ನೀರು ಕದಡಿದ ಚಹಾದ ಬಣ್ಣಕ್ಕೆ ತಿರುಗಿತ್ತು. ನೊರೆ, ಕಬ್ಬಿನ ಒಣ ಎಲೆಯ ರವದಿ, ಒಂದು ಮುರಿದ ಬುಟ್ಟಿ ತೇಲಿ ಬರುತ್ತಿದ್ದವು. ಬಟ್ಟೆ ಒಗೆಯುವ ಕಲ್ಲು ನಾನು ನೋಡುತ್ತಿದ್ದಂತೆಯೇ ಮುಳುಗಿತು. ಸದ್ದು ದೊಡ್ಡದೇನೂ ಅಲ್ಲ, ಯಾರೋ ಪಕ್ಕದ ಕೋಣೆಯಲ್ಲಿ ಬೀಸುಕಲ್ಲು ತಿರುಗಿಸುತ್ತಿರುವ ಹಾಗೆ... ಅದೇ ಭಯ ಹುಟ್ಟಿಸಿತು. ಆಚೆ ಬಂಡೆಯ ಮೇಲೆ ಕಾಕು ನಮಗೆ ಬೆನ್ನು ಮಾಡಿ ಕೌದಿ ಮಗುಚುತ್ತಿದ್ದರು.

"ಏ! ಬಾ ಈಚಿಗೆ! ನೀರು ಬಿಟ್ಟಾರ!" ಎಂದು ಕಾಕಾ ಕೂಗಿದರು.

ಕಾಕು ತಿರುಗಿ ನೋಡಿದರು, ನೀರು ನೋಡಿದರು. ಆದರೆ ಬರಲಿಲ್ಲ. ಬಗ್ಗಿ ಕೌದಿ ಸುತ್ತತೊಡಗಿದರು.

"ನಿಂದರ್ರಿ, ಇದನ್ನಷ್ಟ ತೊಗೊಂಡು ಬರ್ತೇನಿ!"

"ಹೊಳಿಗೆ ಒಗಿ ಅದನ್ನ! ಹಾಳಾಗಿ ಹೋಗ್ಲಿ! ಬಿಟ್ಟ ಬಾ!"

ಆ ಒದ್ದೆ ಕೌದಿಯನ್ನು ಹೆಗಲಿಗೇರಿಸಿಕೊಂಡು ಕಾಕು ನೀರಿಗಿಳಿದರು. ಕಾಕಾ ಈ ಕಡೆಯಿಂದ ಇಳಿದರು. ಮೊಣಕಾಲು, ತೊಡೆ, ಸೊಂಟ. ನಡುವೆ ಕಾಕು ಒಮ್ಮೆಲೇ ವಾಲಿದರು. ಕೌದಿಯ ಭಾರ ಅವರನ್ನು ಒಂದು ಬದಿಗೆ ಎಳೆಯಿತು. ತಲೆ ಕಾಣಲಿಲ್ಲ. ಕಾಕಾ ಬಗ್ಗಿ ಎರಡೂ ಕೈಯಿಂದ ನೀರು ತಡಕಾಡಿದರು. ಕಾಕುವಿನ ತೋಳು ಸಿಕ್ಕಿತು, ಮುಖ ಮೇಲೆ ಬಂತು. ಆಗಲೂ ಅವರ ಇನ್ನೊಂದು ಕೈ ಕೌದಿಯನ್ನು ಬಿಟ್ಟಿರಲಿಲ್ಲ. ಕಾಕಾ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ನಾನು ದಂಡೆಯ ಜಾಲಿಗಿಡವನ್ನು ಒಂದು ಕೈಯಲ್ಲಿ ತಬ್ಬಿ, ಇನ್ನೊಂದರಿಂದ ನನ್ನ ವೇಲಿನ ತುದಿ ಎಸೆದೆ. ಮೊದಲ ಸಲ ತಲುಪಲಿಲ್ಲ. ಎರಡನೆಯ ಸಲವೂ... ಮುಂದಿನ ಸಲ ಕಾಕಾ ಅದನ್ನು ಹಿಡಿದರು. ಮುಳ್ಳು ನನ್ನ ಅಂಗೈಯಲ್ಲಿ ಮುರಿದದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು. ಆ ಎಸೆತ ಮಾತ್ರ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಕನಸಿನಲ್ಲಿ ಅದು ಯಾವತ್ತೂ ತಲುಪುವುದಿಲ್ಲ.

ದಂಡೆಯ ಮೇಲೆ ಕೂತು ಕಾಕು ಕೆಮ್ಮಿದರು, ಅತ್ತರು, ಆಮೇಲೆ ಗಂಡನ ಮೇಲೆ ಹರಿಹಾಯ್ದರು. "ನನ್ನ ಕೌದಿ ಬಿಡಿಸಿ ಹೊಳಿಗೆ ಒಗದ್ರಿ! ಊರಂದೂರ ಇತ್ತು ಅದರಾಗ!" ಬಂಡೆಗಳು ಇದ್ದ ಜಾಗದಲ್ಲಿ ಈಗ ಬರೀ ನೀರಿತ್ತು. ಕಾಕಾನ ಕೊರಳಲ್ಲಿ ಟೇಪು ಇನ್ನೂ ಹಾಗೇ ನೇತಾಡುತ್ತಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಕಾಕಾ ಹಿಂದೆ ಉಳಿದು ನನ್ನನ್ನು ಕೇಳಿದರು, "ಆ ಸಾಲು ಮುಂಜಾನಿಂದ ಬರಾಕತ್ತಿತ್ತೇನ?"

ನನಗೆ ಗೊತ್ತಿರಲಿಲ್ಲ. ಇರಬಹುದು ಎಂದೆ.

ಆ ಸಂಜೆ ಒಲೆಯ ಮುಂದೆ ಕೂತ ಹೆಂಡತಿಗೆ ಅವರೇ ಹೇಳಿದರು. "ತಪ್ಪು ನಂದು. ಏನ ಹೋಗತೈತಿ ನೋಡದ ಕತ್ತರಿ ಹಾಕಿದೆ." ಕಾಕು ತಾಟು ಮುಂದೆ ಸರಿಸಿ, "ಊಟಾ ಮಾಡ್ರಿ, ಆರಾಕತ್ತೈತಿ" ಎಂದರು.

ಮುಂದೆ ಆ ಮನೆಯಲ್ಲಿ ಪರದೆ ತುಂಬಿಸಲು ಕಾಕಾ ಯಾರಿಗೂ ಬಿಡಲಿಲ್ಲ. ಕಪ್ಪು ಪಟ್ಟಿ ಇದ್ದರೆ ಇರಲಿ. ಮಗ ಬಂದು ರಿಮೋಟ್ ಮುಟ್ಟಿದರೂ ರೇಗುತ್ತಿದ್ದರು. ಕಣ್ಣು ಮಂಜಾದ ಮೇಲೆ ಚಿತ್ರ ಬಿಟ್ಟು, "ಡಿಗ್ರಿ, ಕೆಳಗ ಏನ ಬರದಾರ ಓದ" ಎನ್ನುವುದು ರೂಢಿಯಾಯಿತು. ಈರುಳ್ಳಿ ದರವಾದರೂ ಸರಿ, ಕೊನೆಯವರೆಗೂ ಓದಬೇಕು.

ಕೊನೆಗೆ ಅವರಿಗೆ ಪಾರ್ಶ್ವವಾಯು ಬಡಿದು ವಿಜಾಪುರದ ಆಸ್ಪತ್ರೆಗೆ ಸೇರಿಸಿದ್ದರು. ಮಾತು ನಿಂತಿತ್ತು. ನಾನು ಹೋದಾಗ ಎಡಗೈ ಎತ್ತಿ ಎದುರು ಗೋಡೆಯ ಟಿವಿಯ ಕಡೆ ತೋರಿಸುತ್ತಲೇ ಇದ್ದರು. ನರ್ಸು ಸದ್ದು ಹೆಚ್ಚಿಸಿದಳು, ಆಮೇಲೆ ಬಂದ್ ಮಾಡಿದಳು. ಕೈ ಕೆಳಗಿಳಿಯಲಿಲ್ಲ. ನಾನು ರಿಮೋಟ್ ಇಸಿದುಕೊಂಡು ಟಿವಿ ಹಚ್ಚಿದೆ. ಜೂಮ್ ಇತ್ತು. ತೆಗೆದೆ. ಎರಡು ಪಟ್ಟಿ ಬಂದವು, ಕೆಳಗಿನ ಸಾಲು ಬಂತು. ಎಲ್ಲಿಯದೋ ಬಸ್ ನಿಲ್ದಾಣದ ಸುದ್ದಿ. ಹತ್ತಿರ ಕೂತು ಕೊನೆಯವರೆಗೂ ಓದಿದೆ. ಕೈ ಹಾಸಿಗೆಗೆ ಇಳಿಯಿತು. ಅವರು ಮನೆಗೆ ಮರಳಲಿಲ್ಲ...

ನಾನೀಗ ಇರುವ ಈ ಊರಿನಲ್ಲಿ ಹೊಳೆಯಿಲ್ಲ, ಕೆಳಗಿನ ಸಾಲು ಓದು ಎನ್ನುವವರೂ ಇಲ್ಲ. ಮೊನ್ನೆ ಬಿಸಿಲು ಇಳಿದ ಮೇಲೆ ಎದುರಿನ ಹೆಂಗಸು ಮಹಡಿಗೆ ಬಂದಳು. ಕೌದಿ ಇನ್ನೂ ಪೂರ್ತಿ ಒಣಗಿರಲಿಲ್ಲವೆಂದು ಕಾಣುತ್ತದೆ, ಎತ್ತುವಾಗ ಅವಳ ಭುಜ ಒಂದು ಬದಿಗೆ ವಾಲಿತು. ಅವಳು ಅದನ್ನು ಹೊತ್ತು ಮೆಟ್ಟಿಲಿಳಿದು ಬಾಗಿಲು ಹಾಕಿಕೊಳ್ಳುವವರೆಗೂ ನಾನು ಕಿಟಕಿ ಬಿಟ್ಟು ಕದಲಲಿಲ್ಲ.